ಸೇವೆಯನ್ನೇ ವೃತ್ತಿ ಮಾಡಿಕೊಂಡ ಕರ್ಮವೀರ ಭಾವೂರಾವ ಪಾಟೀಲ



ಕುಂಭೋಜ ಬಾಹುಬಲಿ ಎಂದರೆ ಕರ್ನಾಟಕದ ಜೈನ ಮನೆಗಳಲ್ಲಿ ಗೊತ್ತಿಲ್ಲದವರು ಕಡಿಮೆ. ಕೊಲ್ಹಾಪುರ ಜಿಲ್ಲೆಯ ಆ ಗುಡ್ಡಕ್ಕೆ ಬೆಳಗಾವಿ, ಧಾರವಾಡ, ಹಾವೇರಿ ಕಡೆಯಿಂದ ಯಾತ್ರೆಗೆ ಹೋಗಿ ಬರುವ ಕುಟುಂಬಗಳು ಬಹಳ. ಅದೇ ಕುಂಭೋಜ ಊರಿನಲ್ಲಿ 1887ರ ಸೆಪ್ಟೆಂಬರ್ 22ರಂದು ಒಬ್ಬ ಜೈನ ಬಾಲಕ ಹುಟ್ಟಿದ. ಆತ ಮೆಟ್ರಿಕ್ ಕೂಡ ಮುಗಿಸಲಿಲ್ಲ. ಆದರೆ ಮುಂದೆ ಅವರು ಕಟ್ಟಿದ ಸಂಸ್ಥೆ ಇವತ್ತು ಏಳುನೂರಕ್ಕೂ ಹೆಚ್ಚು ಶಾಖೆಗಳ ಮೂಲಕ ಬಡ ಮಕ್ಕಳಿಗೆ ವಿದ್ಯೆ ಕೊಡುತ್ತಿದೆ. ಮಹಾರಾಷ್ಟ್ರದಲ್ಲಿ ಅವರ ಹೆಸರು ತಿಳಿಯದ ಹಳ್ಳಿ ಸಿಗುವುದು ಕಷ್ಟ. ನಮ್ಮ ಕಡೆಯ ಮಕ್ಕಳಿಗೆ ಮಾತ್ರ ಕರ್ಮವೀರ ಭಾವೂರಾವ ಪಾಟೀಲರು ಅಷ್ಟಾಗಿ ಪರಿಚಯವಿಲ್ಲ.

ಈಗ ಈ ವಿಷಯ ಬರೆಯಲು ಒಂದು ಕಾರಣವಿದೆ. ನಮ್ಮ ಸಮಾಜದ ಹುಡುಗ ಹುಡುಗಿಯರು ಕೆಲವರು ಸಮಾಜಕಾರ್ಯದ ಪದವಿ ಓದುತ್ತಿದ್ದಾರೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಹುಡುಕುತ್ತಿದ್ದಾರೆ. ಮನೆಯಲ್ಲಿ ಹಿರಿಯರಿಗೆ ಚಿಂತೆ. ಇದು ನೌಕರಿಯೋ ದಾನಧರ್ಮವೋ, ಇದರಿಂದ ಸಂಸಾರ ನಡೆಯುತ್ತದೆಯೋ ಇಲ್ಲವೋ, ನಾಳೆ ಸಂಬಂಧ ಕುದುರುವುದು ಹೇಗೆ ಎಂಬ ಮಾತು ಬಂದೇ ಬರುತ್ತದೆ. ಸೇವೆ ಎಂದರೆ ಅಂಗಡಿ ಮುಚ್ಚಿದ ಮೇಲೆ, ನಿವೃತ್ತಿಯಾದ ಮೇಲೆ ಮಾಡುವ ಕೆಲಸ ಎಂದೇ ನಮ್ಮಲ್ಲಿ ಬಹಳ ಜನರ ತಿಳುವಳಿಕೆ. ಭಾವೂರಾವ ಪಾಟೀಲರು ಸೇವೆಯನ್ನು ಪೂರ್ಣ ವೇಳೆಯ ವೃತ್ತಿಯಾಗಿ ಮಾಡಿದರು. ಅದನ್ನು ವೃತ್ತಿಯಂತೆಯೇ ಕಲಿತರು, ಲೆಕ್ಕವಿಟ್ಟರು, ಇತರರಿಗೂ ಕಲಿಸಿದರು. ಅವರ ಜೀವನದಲ್ಲಿ ಈ ಪ್ರಶ್ನೆಗಳಿಗೆಲ್ಲ ಉತ್ತರವಿದೆ. ಆ ಉತ್ತರ ಪೂರ್ತಿ ಸಿಹಿಯಲ್ಲ ಎಂಬುದನ್ನೂ ಮೊದಲೇ ಹೇಳಬೇಕು.

ಮನೆತನ ಮತ್ತು ಬಾಲ್ಯ

ಪಾಟೀಲರ ಹಿರಿಯರು ದಕ್ಷಿಣ ಕನ್ನಡದ ಮೂಡಬಿದಿರೆ ಕಡೆಯಿಂದ ಹೋದವರು, ಮೊದಲಿನ ಅಡ್ಡಹೆಸರು ದೇಸಾಯಿ ಎಂದು ಅವರ ಮನೆತನದ ವಿಷಯ ಬರೆದವರು ಹೇಳುತ್ತಾರೆ. ನಂತರ ಸಾಂಗಲಿ ಕಡೆಯ ಐತವಡೆ ಬುದ್ರುಕ ಅವರ ಊರಾಯಿತು. ತಂದೆ ಪಾಯಗೊಂಡ ಪಾಟೀಲರು ಸರ್ಕಾರಿ ನೌಕರಿಯಲ್ಲಿದ್ದರು, ತಾಯಿ ಗಂಗಾಬಾಯಿ. ಕುಂಭೋಜ ತಾಯಿಯ ತವರು. ತಂದೆಗೆ ವರ್ಗವಾದಂತೆಲ್ಲ ಹುಡುಗನ ಶಾಲೆಯೂ ಬದಲಾಗುತ್ತಿತ್ತು.

ಓದಿಗಿಂತ ಕುಸ್ತಿ, ಈಜು, ಊರಾಡುವುದು ಅವರಿಗೆ ಪ್ರೀತಿ. ಬಾಲ್ಯದ ಒಂದು ಸಂಗತಿಯನ್ನು ಎಲ್ಲ ಚರಿತ್ರೆಗಾರರೂ ಹೇಳುತ್ತಾರೆ. ಅಸ್ಪೃಶ್ಯರೆನಿಸಿಕೊಂಡವರು ಬಾವಿಯ ಹತ್ತಿರ ನಿಂತು ಯಾರಾದರೂ ನೀರು ಹಾಕಲಿ ಎಂದು ಕಾಯುವುದನ್ನು ಹುಡುಗ ನೋಡಿದ. ಅವರಿಗಿಲ್ಲದ ನೀರು ಯಾರಿಗೂ ಬೇಡ ಎಂದು ಬಾವಿಯ ಗಾಲಿಯನ್ನೇ ಮುರಿದು ಹಾಕಿದ. ದೊಡ್ಡವನಾದ ಮೇಲೆ ಆತನಿಗೆ ತಿಳಿದದ್ದು, ಗಾಲಿ ಮುರಿದರೆ ಸಾಲದು, ನೀರು ಎಲ್ಲರಿಗೂ ಸಿಗುವ ಏರ್ಪಾಡು ಮಾಡಬೇಕು ಎಂಬುದು. ಅವರ ಮುಂದಿನ 40 ವರ್ಷದ ಕೆಲಸವೆಲ್ಲ ಆ ಏರ್ಪಾಡೇ.

ಬೋರ್ಡಿಂಗಿನಿಂದ ಹೊರಗೆ

ನಿಪ್ಪಾಣಿ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿತು. ಇಂದಿನ ದಕ್ಷಿಣ ಭಾರತ ಜೈನ ಸಭೆಯೇ ಅದು. ನಮ್ಮ ಜನ ಬೇಸಾಯ, ವ್ಯಾಪಾರದಲ್ಲಿದ್ದರೂ ಓದಿನಲ್ಲಿ ಹಿಂದೆ ಇದ್ದ ಕಾಲ. ಅಣ್ಣಾಸಾಹೇಬ ಲಠ್ಠೆಯವರಂಥ ಓದಿದ ತರುಣರು ಮುಂದೆ ನಿಂತು, ರಾಜರ್ಷಿ ಶಾಹು ಮಹಾರಾಜರ ಆಶ್ರಯದಲ್ಲಿ ಕೊಲ್ಹಾಪುರದ ಜೈನ ಬೋರ್ಡಿಂಗ್ ನಡೆಸಿದರು. ಭಾವೂರಾವ ಆ ಬೋರ್ಡಿಂಗಿನಲ್ಲಿದ್ದು ರಾಜಾರಾಮ ಹೈಸ್ಕೂಲಿಗೆ ಹೋಗುತ್ತಿದ್ದರು.

1908ರಲ್ಲಿ ಕೊಲ್ಹಾಪುರದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ಒಂದು ವಸತಿಗೃಹದ ಸಮಾರಂಭ ನಡೆಯಿತು. ಭಾವೂರಾವ ಅದಕ್ಕೆ ಹೋಗಿ ಬಂದರು. ವಾಪಸು ಬಂದ ಮೇಲೆ ಸ್ನಾನ ಮಾಡಿಯೇ ಊಟಕ್ಕೆ ಕೂಡಬೇಕು ಎಂಬುದು ಬೋರ್ಡಿಂಗಿನ ಕಟ್ಟಳೆ. ಇವರು ಒಪ್ಪಲಿಲ್ಲ. ಮನುಷ್ಯರ ಹತ್ತಿರ ಕುಳಿತು ಬಂದದ್ದಕ್ಕೆ ಮೈಲಿಗೆ ಯಾಕೆ ಎಂಬುದು ಅವರ ಹಟ. ಮೇಲ್ವಿಚಾರಕರಾಗಿದ್ದ ಲಠ್ಠೆಯವರು ಕಟ್ಟಳೆಯಂತೆ ನಡೆದುಕೊಂಡರು, ಹುಡುಗ ಬೋರ್ಡಿಂಗ್ ಬಿಡಬೇಕಾಯಿತು. ಆಗ ಶಾಹು ಮಹಾರಾಜರೇ ಆಸರೆ ಕೊಟ್ಟರು.

ಈ ಸಂಗತಿಯನ್ನು ನಮ್ಮ ಸಮಾಜದವರು ಮುಚ್ಚಿಡಬೇಕಾಗಿಲ್ಲ. ನಮ್ಮ ಬೋರ್ಡಿಂಗ್ ನಮ್ಮ ಮಕ್ಕಳಿಗೆ ಅನ್ನ ಹಾಕಿ ಓದಿಸಿದ್ದೂ ನಿಜ, ಆ ಕಾಲದ ರೂಢಿ ಅದರೊಳಗೂ ಇದ್ದದ್ದು ನಿಜ. ಜೀವದಯೆಯನ್ನು ಪೂರ್ತಿ ಒಪ್ಪಿಕೊಂಡರೆ ಅದು ಎಲ್ಲಿಯವರೆಗೆ ಹೋಗಬೇಕು ಎಂಬುದನ್ನು ಆ ಹುಡುಗ ತೋರಿಸಿಕೊಟ್ಟ.

ಸುಳ್ಳು ಸಾಕ್ಷಿಗೆ ಒಪ್ಪದ ಮನುಷ್ಯ

ಓದು ಅರ್ಧಕ್ಕೆ ನಿಂತಿತು. ಸಾತಾರಾದಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದರು, ಜನ ಅವರನ್ನು ಪಾಟೀಲ ಮಾಸ್ತರ ಎಂದು ಕರೆದರು. 1910ರ ಹೊತ್ತಿಗೆ ಗೆಳೆಯರ ಜೊತೆ ಸೇರಿ ಸಾಂಗಲಿ ಕಡೆಯ ದುಧಗಾಂವದಲ್ಲಿ ಎಲ್ಲ ಜಾತಿಯ ಮಕ್ಕಳಿಗೆ ಒಂದು ಚಿಕ್ಕ ವಸತಿಗೃಹ ಮಾಡಿದರು. ಅದು ಅವರ ಮೊದಲ ಪ್ರಯೋಗ.

1914ರಲ್ಲಿ ಕೊಲ್ಹಾಪುರದಲ್ಲಿ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಆ ಪ್ರಕರಣದಲ್ಲಿ ಲಠ್ಠೆಯವರನ್ನು ಸಿಲುಕಿಸುವ ಪ್ರಯತ್ನ ನಡೆಯಿತು. ಅವರ ವಿರುದ್ಧ ಸಾಕ್ಷಿ ಹೇಳಬೇಕೆಂದು ಭಾವೂರಾವ ಅವರ ಮೇಲೆ ಒತ್ತಡ ಬಂತು. ಬೋರ್ಡಿಂಗಿನಿಂದ ಹೊರಗೆ ಹಾಕಿದವರೇ ಲಠ್ಠೆಯವರು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಬೇರೆ ಇರಲಿಲ್ಲ. ಆದರೆ ಭಾವೂರಾವ ಸುಳ್ಳು ಹೇಳಲು ಒಪ್ಪದೆ ಜೈಲು ಸೇರಿದರು, ಅಲ್ಲಿ ಬಹಳ ಹಿಂಸೆ ಅನುಭವಿಸಿದರು. ಕೊನೆಗೆ ಬಿಡುಗಡೆಯಾಯಿತು. ಲಠ್ಠೆಯವರು ಮುಂದೆ ಕೊಲ್ಹಾಪುರದ ದಿವಾನರಾದರು, 1937ರಲ್ಲಿ ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಯಾದರು. ಧಾರವಾಡ ಜಿಲ್ಲೆಯಲ್ಲಿದ್ದ ನಮ್ಮ ಶಿಗ್ಗಾಂವಿ ಸೀಮೆಯೂ ಆಗ ಅದೇ ಪ್ರಾಂತದಲ್ಲಿತ್ತು.

ಸೇವಾ ಕ್ಷೇತ್ರಕ್ಕೆ ಬರುವವರಿಗೆ ಬಂಡವಾಳ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಜನರ ದುಡ್ಡು ಕೈಯಲ್ಲಿ ಹಿಡಿಯುವ ಮನುಷ್ಯನ ಮಾತಿನ ಮೇಲೆ ನಂಬಿಕೆ ಬೇಕು. ಭಾವೂರಾವ ಅವರ ಮೇಲಿನ ನಂಬಿಕೆ ಸಂಸ್ಥೆ ಹುಟ್ಟುವ ಐದು ವರ್ಷ ಮೊದಲೇ ಹುಟ್ಟಿತ್ತು.

ನೇಗಿಲು ಮಾರಿದ ದಿನಗಳು

ವ್ಯಾಪಾರಿಯಾದ ನನಗೆ ಅವರ ಜೀವನದಲ್ಲಿ ಬಹಳ ಹಿಡಿಸಿದ ಭಾಗ ಇದು. ಜೈಲಿನಿಂದ ಬಂದ ಮೇಲೆ ಅವರು ಮಾರಾಟಗಾರರಾದರು. ಓಗಲೆ ಗಾಜಿನ ಕಾರ್ಖಾನೆಯ ಮಾಲು ಮಾರಿದರು, ಕಿರ್ಲೋಸ್ಕರ ಕಂಪನಿಯ ಕಬ್ಬಿಣದ ನೇಗಿಲು ಮಾರಿದರು. ಕಿರ್ಲೋಸ್ಕರ ಮನೆತನದ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಮೇಲೆ ಬಂದು, 1910ರಲ್ಲಿ ಔಂಧ ಸಂಸ್ಥಾನದ ಜಾಗದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು.

ಆಗ ರೈತರ ಹತ್ತಿರ ಇದ್ದದ್ದು ಕಟ್ಟಿಗೆಯ ನೇಗಿಲು. ಕಬ್ಬಿಣದ ನೇಗಿಲು ಹೊಲಕ್ಕೆ ವಿಷವಾದೀತು ಎಂದು ಹೆದರುವವರಿದ್ದರು. ಅಂಥವರಿಗೆ ಮಾಲು ಮಾರಬೇಕಾದರೆ ಅಂಗಡಿಯಲ್ಲಿ ಕುಳಿತರೆ ಆಗುವುದಿಲ್ಲ. ಊರೂರು ತಿರುಗಬೇಕು, ರೈತನ ಕಟ್ಟೆಯ ಮೇಲೆ ಕುಳಿತುಕೊಳ್ಳಬೇಕು, ಅವನ ಸಾಲ ಎಷ್ಟು, ಬೆಳೆ ಎಷ್ಟು, ಮಕ್ಕಳು ಏನು ಮಾಡುತ್ತಾರೆ ಎಂದು ಕೇಳಬೇಕು. ಹೀಗೆ ತಿರುಗುವಾಗಲೇ ಭಾವೂರಾವ ಅವರಿಗೆ ಹಳ್ಳಿಗಳ ನಿಜಸ್ಥಿತಿ ತಿಳಿಯಿತು. ಓದು ಬರೆಹ ಬಾರದೆ ರೈತ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಾನೆ, ಶಾಲೆ ಇರುವ ಊರಿಗೆ ಮಗನನ್ನು ಕಳಿಸಿದರೆ ಅಲ್ಲಿ ಉಣ್ಣಲು ಇರಲು ಜಾಗವಿಲ್ಲ. ಶಾಲೆಗಿಂತ ಮೊದಲು ಬೇಕಾದದ್ದು ವಸತಿಗೃಹ ಎಂಬುದು ಅವರಿಗೆ ಹೊಳೆದದ್ದು ಈ ತಿರುಗಾಟದಲ್ಲಿ.

ಆಮೇಲೆ ಸಾತಾರಾದ ಕೂಪರ್ ಕಾರ್ಖಾನೆಯನ್ನು ಬೆಳೆಸುವುದರಲ್ಲಿಯೂ ದುಡಿದರು. ಅಲ್ಲಿಂದ ಶಿಕ್ಷಣಕ್ಕೆ ಅವರು ಬಯಸಿದ ನೆರವು ಬಾರದಾಗ ಹೊರಗೆ ಬಂದರು. ವ್ಯಾಪಾರದ ಈ ವರ್ಷಗಳು ವ್ಯರ್ಥವಾಗಲಿಲ್ಲ. ಒಪ್ಪದವರನ್ನು ಒಪ್ಪಿಸುವುದು, ಸಣ್ಣ ಮೊತ್ತ ಕೂಡಿಸುವುದು, ಲೆಕ್ಕ ಇಡುವುದು, ಒಂದು ಊರಿನ ಪರಿಚಯದಿಂದ ಹತ್ತು ಊರು ಹಿಡಿಯುವುದು ಎಲ್ಲವನ್ನೂ ಅವರು ಅಲ್ಲಿ ಕಲಿತರು.

ಕಾಲೆ ಊರಿನಲ್ಲಿ ಆರಂಭ

ಕರಾಡ ಹತ್ತಿರ ಕಾಲೆ ಎಂಬ ಹಳ್ಳಿ. ಅಲ್ಲಿ ಸತ್ಯಶೋಧಕ ಸಮಾಜದ ಪರಿಷತ್ತು ನಡೆದಾಗ ಬಹುಜನರ ಮಕ್ಕಳ ಶಿಕ್ಷಣಕ್ಕೆ ಒಂದು ಸಂಸ್ಥೆ ಬೇಕು ಎಂದು ಭಾವೂರಾವ ಮುಂದೆ ನಿಂತರು. 1919ರ ಅಕ್ಟೋಬರ್ 4, ವಿಜಯದಶಮಿಯ ದಿನ ರಯತ ಶಿಕ್ಷಣ ಸಂಸ್ಥೆ ಆರಂಭವಾಯಿತು. ಇಟ್ಟ ಹೆಸರು ನೋಡಿ, ರಯತ. ಜಾತಿಯ ಹೆಸರಿಲ್ಲ, ದಾನಿಯ ಹೆಸರಿಲ್ಲ. ಆಲದ ಮರ ಅದರ ಗುರುತಾಯಿತು.

1924ರಲ್ಲಿ ಕೇಂದ್ರವನ್ನು ಸಾತಾರಾಕ್ಕೆ ತಂದು ಅಲ್ಲಿ ವಸತಿಗೃಹ ತೆರೆದರು. ಅಲ್ಲಿ ಮರಾಠ, ಜೈನ, ಮುಸ್ಲಿಂ, ಲಿಂಗಾಯತ, ಮಹಾರ, ಮಾಂಗ ಎಲ್ಲ ಮಕ್ಕಳೂ ಒಂದೇ ಕಡೆ ಅಡಿಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಶಾಲೆಯ ಹೊರಗೆ ಕುಳಿತು ಪಾಠ ಕೇಳುತ್ತಿದ್ದ ಜ್ಞಾನದೇವ ಘೋಲಪ ಎಂಬ ದಲಿತ ಬಾಲಕನನ್ನು ಭಾವೂರಾವ ತಾವೇ ಕರೆತಂದು ಓದಿಸಿದರು. ಆ ಬಾಲಕ ಮುಂದೆ ಶಾಸನಸಭೆಯವರೆಗೆ ಹೋದರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಸಾತಾರಾಕ್ಕೆ ಬಂದಾಗ ಆ ವಸತಿಗೃಹಕ್ಕೆ ಛತ್ರಪತಿ ಶಾಹು ಬೋರ್ಡಿಂಗ್ ಎಂದು ನಾಮಕರಣ ಮಾಡಿದರು. 1908ರಲ್ಲಿ ಬೋರ್ಡಿಂಗಿನಿಂದ ಹೊರಬಿದ್ದ ಹುಡುಗ ಯಾರೂ ಹೊರಬೀಳದಂಥ ಬೋರ್ಡಿಂಗ್ ಕಟ್ಟಿದ್ದ.

ಲಕ್ಷ್ಮೀಬಾಯಿಯವರ ಬಂಗಾರ

ಭಾವೂರಾವ ಅವರ ಪತ್ನಿ ಲಕ್ಷ್ಮೀಬಾಯಿಯವರು ಸ್ಥಿತಿವಂತರ ಮನೆಯಿಂದ ಬಂದವರು. ಮೈತುಂಬ ಬಂಗಾರವಿತ್ತು. ವಸತಿಗೃಹದಲ್ಲಿ ಕಾಳು ಮುಗಿದಾಗೆಲ್ಲ ಒಂದೊಂದೇ ಆಭರಣ ಹೋಯಿತು. ಒಮ್ಮೆ ಪತಿ ಊರಲ್ಲಿಲ್ಲದಾಗ ಮಕ್ಕಳಿಗೆ ಹಾಕಲು ಏನೂ ಉಳಿದಿರಲಿಲ್ಲ. ಕೊರಳಲ್ಲಿ ಉಳಿದಿದ್ದ ಮಂಗಳಸೂತ್ರವನ್ನೂ ಕೊಟ್ಟು ಅವರು ಮಕ್ಕಳಿಗೆ ಅನ್ನ ಹಾಕಿದರು. ದಲಿತ ಮಕ್ಕಳನ್ನು ಮುಟ್ಟಲು ಮೊದಲು ಹಿಂಜರಿದಿದ್ದ ಆ ಶ್ರಾವಕಿ ಕೊನೆಗೆ ಎಲ್ಲರ ತಾಯಿಯಾದರು. 1930ರಲ್ಲಿ ಅವರು ತೀರಿಕೊಂಡರು. ಸಂಸ್ಥೆ ದೊಡ್ಡದಾದದ್ದನ್ನು ನೋಡಲು ಅವರಿಗೆ ಆಯುಷ್ಯ ಸಿಗಲಿಲ್ಲ.

ನಮ್ಮ ಸಭೆ ಸಮಾರಂಭಗಳಲ್ಲಿ ಇದನ್ನು ತ್ಯಾಗ ಎಂದು ಹೊಗಳಿ ಮುಂದೆ ಹೋಗುತ್ತೇವೆ. ಅವರ ತ್ಯಾಗಕ್ಕೆ ಕೈ ಮುಗಿಯೋಣ. ಆದರೆ ಒಂದು ಬೋರ್ಡಿಂಗಿನ ಊಟಕ್ಕಾಗಿ ಒಬ್ಬ ಹೆಣ್ಣುಮಗಳು ಮಂಗಳಸೂತ್ರ ಮಾರಬೇಕಾಯಿತು ಎಂದರೆ, ಸುತ್ತಲಿದ್ದ ಸ್ಥಿತಿವಂತ ಸಮಾಜ ಕೊಡಬೇಕಾದದ್ದನ್ನು ಕೊಟ್ಟಿರಲಿಲ್ಲ ಎಂದೂ ಅರ್ಥ. ಸೇವೆ ಮಾಡುವವರ ಮನೆಯವರನ್ನೇ ಬರಿದು ಮಾಡಿ ನಡೆಯುವ ಸೇವೆ ಬಹಳ ದಿನ ನಡೆಯದು. ಭಾವೂರಾವ ಇದನ್ನು ಅರಿತುಕೊಂಡರು ಎಂಬುದಕ್ಕೆ ಅವರ ಮುಂದಿನ ಏರ್ಪಾಡುಗಳೇ ಸಾಕ್ಷಿ.

ದಾನದ ಜೊತೆಗೆ ದುಡಿಮೆ

ಮೊದಲನೆಯದು ಹಿಡಿ ಧಾನ್ಯ. ಮನೆಯ ಹೆಣ್ಣುಮಕ್ಕಳು ದಿನಾ ಬೀಸಲು ಕುಳಿತಾಗ ಒಂದು ಹಿಡಿ ಕಾಳು ತೆಗೆದಿಡಬೇಕು, ಅದು ಬೋರ್ಡಿಂಗಿಗೆ ಸೇರಬೇಕು. ಒಂದು ಹಿಡಿಯಿಂದ ಯಾವ ಮನೆಯೂ ಬಡವಾಗುವುದಿಲ್ಲ, ಆದರೆ ಕೊಟ್ಟ ಮನೆಯವರೆಲ್ಲರಿಗೂ ಸಂಸ್ಥೆ ತಮ್ಮದೆನಿಸುತ್ತದೆ. ಒಬ್ಬ ಸಾಹುಕಾರನ ದೊಡ್ಡ ದೇಣಿಗೆ ನಿಂತರೆ ಕೆಲಸ ನಿಲ್ಲುತ್ತದೆ, ಸಾವಿರ ಮನೆಯ ಹಿಡಿ ಧಾನ್ಯ ಒಂದೇ ದಿನ ನಿಲ್ಲುವುದಿಲ್ಲ.

ಎರಡನೆಯದು ದುಡಿದು ಕಲಿಯುವ ಪದ್ಧತಿ. 1940ರಲ್ಲಿ ಸಾತಾರಾದಲ್ಲಿ ಆರಂಭವಾದ ಮಹಾರಾಜ ಸಯಾಜಿರಾವ ಹೈಸ್ಕೂಲಿನಲ್ಲಿ ಫೀ ಇರಲಿಲ್ಲ. ಹುಡುಗರು ಹೊಲದಲ್ಲಿ ದುಡಿದು, ಕಲ್ಲು ಹೊತ್ತು, ಕಟ್ಟಡ ಕಟ್ಟಿ ತಮ್ಮ ಓದಿನ ಖರ್ಚು ತಾವೇ ಭರಿಸಿದರು. ಪುಕ್ಕಟೆ ಉಂಡೆನೆಂಬ ಸಂಕೋಚ ಅವರಿಗಿರಲಿಲ್ಲ. 1947ರಲ್ಲಿ ಇದೇ ರೀತಿಯಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾಯಿತು. ದೊಡ್ಡ ಮೊತ್ತ ಕೊಡುತ್ತೇವೆ, ಶಿವಾಜಿಯ ಹೆಸರು ತೆಗೆದು ನಮ್ಮ ಹೆಸರಿಡಿ ಎಂದು ಬಂದವರನ್ನು ಭಾವೂರಾವ ವಾಪಸು ಕಳಿಸಿದರು. ದೇಣಿಗೆ ಬೇಕು, ಆದರೆ ಕೊಟ್ಟವರು ಸಂಸ್ಥೆಯ ಯಜಮಾನರಾಗಬಾರದು ಎಂಬುದು ಅವರ ನಿಲುವು.

ಮೂರನೆಯದು ಕೆಲಸಗಾರರ ತಯಾರಿ. ನನ್ನ ಮಟ್ಟಿಗೆ ಇದೇ ಮುಖ್ಯ. 1935ರಲ್ಲಿ ಅವರು ಸಂಸ್ಥೆಯನ್ನು ಕಾಯದೆ ಪ್ರಕಾರ ನೋಂದಣಿ ಮಾಡಿಸಿದರು. ಅದೇ ವರ್ಷ ಹಳ್ಳಿ ಶಾಲೆಗಳ ಶಿಕ್ಷಕರಿಗೆ ಸಾತಾರಾದಲ್ಲಿ ತರಬೇತಿ ಕಾಲೇಜು ತೆರೆದರು. ಅಲ್ಲಿ ತಯಾರಾದವರೇ ಹೋಗಿ ಶಾಲೆ ಇಲ್ಲದ ಗುಡ್ಡಗಾಡು ಹಳ್ಳಿಗಳಲ್ಲಿ ನೂರಾರು ಶಾಲೆ ನಡೆಸಿದರು. ಜೀವಮಾನವಿಡೀ ಸಂಸ್ಥೆಗೆ ದುಡಿಯಲು ಒಪ್ಪಿದ ಆಜೀವ ಸೇವಕರ ಒಂದು ಬಳಗವನ್ನು ಕಟ್ಟಿದರು. ಅವರಿಗೆ ಸಂಬಳ ಕಡಿಮೆ, ಆದರೆ ಸಂಬಳವಿತ್ತು. ಜವಾಬ್ದಾರಿ ಇತ್ತು, ಸಂಸ್ಥೆಯ ತೀರ್ಮಾನಗಳಲ್ಲಿ ಮಾತು ಇತ್ತು. ಬೋರ್ಡಿಂಗಿನಲ್ಲಿ ಓದಿದ ಬಡ ಹುಡುಗ ಪಿ. ಜಿ. ಪಾಟೀಲರು ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆದರು. ಕೋರ್ಟಿನಲ್ಲಿ ದುಡ್ಡು ಮಾಡುವ ದಾರಿ ಬಿಟ್ಟು ವಾಪಸು ಬಂದು ಇದೇ ಸಂಸ್ಥೆಯಲ್ಲಿ ದುಡಿದರು, ಕೊನೆಗೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಸೇವೆಯಲ್ಲಿ ಭವಿಷ್ಯವಿಲ್ಲ ಎನ್ನುವವರು ಈ ಉದಾಹರಣೆ ನೋಡಬೇಕು.

ಅನುದಾನ ನಿಂತಾಗ

1948ರ ಸುಮಾರಿಗೆ ಭಾವೂರಾವ ಅವರ ನೇರ ಮಾತು ಸರ್ಕಾರಕ್ಕೆ ಹಿಡಿಸದೆ ಸಂಸ್ಥೆಯ ಅನುದಾನ ನಿಂತಿತು. ನೂರಾರು ಶಾಲೆ, ಸಾವಿರಾರು ಮಕ್ಕಳು. ಆಗ ಹಿಡಿ ಧಾನ್ಯ ಕೊಟ್ಟ ಜನರೇ ಬೆನ್ನಿಗೆ ನಿಂತರು. ಸಂತ ಗಾಡಗೆ ಮಹಾರಾಜರು ಅವರ ಪರವಾಗಿ ನಿಂತರು. ಕೊನೆಗೆ ಅನುದಾನ ಮತ್ತೆ ಬಂತು. ಅಷ್ಟರಲ್ಲಿ ಒಂದು ಶಾಲೆ ಮುಚ್ಚುವ ಬದಲು, ಗಾಂಧೀಜಿಯವರ ನೆನಪಿಗೆ 101 ಹೈಸ್ಕೂಲು ತೆರೆಯುವ ಸಂಕಲ್ಪ ಮಾಡಿದ್ದರು. 1954ರಲ್ಲಿ ಕರಾಡದಲ್ಲಿ ತೆರೆದ ಕಾಲೇಜಿಗೆ ಗಾಡಗೆ ಮಹಾರಾಜರ ಹೆಸರಿಟ್ಟರು.

ಬಿಳಿ ಗಡ್ಡ, ಖಾದಿ ಬಟ್ಟೆ, ಬರಿಗಾಲು. ಕೊನೆಯವರೆಗೆ ಅವರು ಹಾಗೆಯೇ ಊರೂರು ತಿರುಗಿದರು. 1959ರಲ್ಲಿ ಪದ್ಮಭೂಷಣ ಬಂತು, ಪುಣೆ ವಿಶ್ವವಿದ್ಯಾಲಯ ಡಿ.ಲಿಟ್ ಕೊಟ್ಟು ಗೌರವಿಸಿತು. ಮೆಟ್ರಿಕ್ ಮುಗಿಸದ ಮನುಷ್ಯನಿಗೆ ವಿಶ್ವವಿದ್ಯಾಲಯ ತಾನಾಗಿ ತಲೆಬಾಗಿತ್ತು. ಅದೇ ವರ್ಷ ಮೇ 9ರಂದು ಪುಣೆಯಲ್ಲಿ ಅವರು ದೇಹ ಬಿಟ್ಟರು. ಸಂಸ್ಥೆ ನಿಲ್ಲಲಿಲ್ಲ. ಅವರಿಲ್ಲದೆಯೂ ನಡೆಯುವಂತೆ ಕಟ್ಟಿದ್ದರು.

ನಮ್ಮ ಮಕ್ಕಳಿಗೆ, ನಮ್ಮ ಹಿರಿಯರಿಗೆ

ಗೊಟಗೋಡಿಯಲ್ಲಿ ಈಗ ಜಾನಪದ ವಿಶ್ವವಿದ್ಯಾಲಯವಿದೆ. ಬೇರೆ ಬೇರೆ ಜಿಲ್ಲೆಯ ಹುಡುಗರು ಓದಲು ಬರುತ್ತಾರೆ. ಸಮಾಜಕ್ಕೆ ಏನಾದರೂ ಮಾಡಬೇಕು ಎನ್ನುವವರು ಅವರಲ್ಲಿ ಸಿಗುತ್ತಾರೆ. ಅಂಥವರಿಗೆ ಭಾವೂರಾವ ಅವರ ಜೀವನದಿಂದ ನಾಲ್ಕು ಮಾತು ಹೇಳಬಹುದು.

ಸೇವೆಗೆ ಬರುವ ಮೊದಲು ಒಂದು ಕೆಲಸ ಚೆನ್ನಾಗಿ ಕಲಿಯಿರಿ. ಲೆಕ್ಕಪತ್ರವಾಗಲಿ, ಪಾಠ ಹೇಳುವುದಾಗಲಿ, ಮಾರಾಟವಾಗಲಿ, ಅದು ಮುಂದೆ ಕೈ ಹಿಡಿಯುತ್ತದೆ. ಯಾರಿಗಾಗಿ ಕೆಲಸ ಮಾಡಬೇಕೋ ಅವರ ಕಟ್ಟೆಯ ಮೇಲೆ ಮೊದಲು ಕುಳಿತು ಬನ್ನಿ, ಅವರಿಗೆ ಬೇಕಾದದ್ದು ಶಾಲೆಯೋ ಬೋರ್ಡಿಂಗೋ ಎಂಬುದು ಅಲ್ಲಿ ತಿಳಿಯುತ್ತದೆ. ಒಬ್ಬರ ಕಿಸೆಯನ್ನೇ ನಂಬಿ ಸಂಸ್ಥೆ ಕಟ್ಟಬೇಡಿ. ನಿಮ್ಮ ಹಿಂದೆ ಕೆಲಸ ಮುಂದುವರಿಸುವವರನ್ನು ಮೊದಲ ದಿನದಿಂದಲೇ ತಯಾರಿಸಿ.

ಹಿರಿಯರಿಗೂ, ನಮ್ಮ ಟ್ರಸ್ಟುಗಳನ್ನು ನಡೆಸುವವರಿಗೂ ಒಂದು ವಿನಂತಿ. ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ನಾಲ್ಕು ದಾನ ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಒಂದು ಒಳ್ಳೆಯ ವಿದ್ಯಾರ್ಥಿ ನಿಲಯದಲ್ಲಿ ಮಗುವಿಗೆ ಊಟ, ಆಸರೆ, ಓದು ಎಲ್ಲವೂ ಸಿಗುತ್ತದೆ. ಕಟ್ಟಡಕ್ಕೆ, ಶಿಲಾಫಲಕಕ್ಕೆ ನಾವು ಧಾರಾಳವಾಗಿ ಕೊಡುತ್ತೇವೆ. ಆ ಕಟ್ಟಡದೊಳಗೆ ದಿನವಿಡೀ ದುಡಿಯುವ ವಾರ್ಡನ್, ಶಿಕ್ಷಕಿ, ಕಾರ್ಯಕರ್ತನ ಸಂಬಳದ ಮಾತು ಬಂದಾಗ ಕೈ ಹಿಡಿಯುತ್ತೇವೆ. ಸೇವೆಗೆ ಸಂಬಳ ಯಾಕೆ ಎನ್ನುತ್ತೇವೆ. ಹಾಗೆ ಕೇಳಿದರೆ ಸ್ಥಿತಿವಂತರ ಮಕ್ಕಳು ಮಾತ್ರ ಸೇವೆಗೆ ಬರಲು ಸಾಧ್ಯ, ಬಡವರ ಮನೆಯ ಒಳ್ಳೆಯ ಹುಡುಗ ಬೇರೆ ನೌಕರಿಗೆ ಹೋಗುತ್ತಾನೆ.

ಈ ಸೆಪ್ಟೆಂಬರ್ 22ರಂದು ನಿಮ್ಮ ಊರಿನ ಬಸದಿಯಲ್ಲಿಯೋ ಬೋರ್ಡಿಂಗಿನಲ್ಲಿಯೋ ಕರ್ಮವೀರರ ನೆನಪು ಮಾಡಿ. ಹಾರ ಹಾಕುವುದರ ಜೊತೆಗೆ, ಸಮಾಜದಲ್ಲಿ ಸೇವೆಯನ್ನೇ ವೃತ್ತಿಯಾಗಿ ಹಿಡಿದ ಒಬ್ಬ ಯುವಕನ ಅಥವಾ ಯುವತಿಯ ಒಂದು ವರ್ಷದ ಸಂಬಳವನ್ನು ಹತ್ತು ಮನೆ ಸೇರಿ ವಹಿಸಿಕೊಳ್ಳುವ ವಿಚಾರ ಮಾಡಿ. ಅದು ಈ ಕಾಲದ ಹಿಡಿ ಧಾನ್ಯ. ಲಕ್ಷ್ಮೀಬಾಯಿಯವರ ಮಂಗಳಸೂತ್ರದ ಋಣ ಸ್ವಲ್ಪವಾದರೂ ತೀರಬೇಕಾದರೆ ದಾರಿ ಅದೇ.